ಅಜ್ಜಿಯ ಫೋನಿಗೆ ಚಿಟಿಕೆಯ ಹೆಬ್ಬೆಟ್ಟು

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಫೋನಿನ ವಿಷಯ ನಿಮಗೇ ಚೆನ್ನಾಗಿ ಗೊತ್ತು. ನಿಮಗೇ ಅದರ ಕತೆ ಹೇಳಲು ಹೊರಡುವುದು ಸ್ವಲ್ಪ ಅಧಿಕಪ್ರಸಂಗವೇ ಸರಿ. ಎಲ್ಲಾದರೂ ತಪ್ಪಿದರೆ ನಕ್ಕು ಮುಂದೆ ಓದಿ. ಇನ್ನೂ ಏನೇನೋ ಹೇಳಬಹುದಿತ್ತು, ಆದರೆ ಅಷ್ಟರಲ್ಲಿ ಅಜ್ಜಿ ಶಾಲೆಯ ಗೇಟಿಗೆ ಬಂದು ನಿಂತಾಗಿದೆ. ಅವಳನ್ನು ಕಾಯಿಸುವುದು ಸರಿಯಲ್ಲ.

"ಏ ಚಿಟಿಕೇ! ನಿಮ್ಮಜ್ಜಿ ಬಂದ್ರು ಕಣೇ! ಹೆಬ್ಬೆಟ್ಟು ತಗೊಂಡು ಓಡು!"

ಕೂಗಿದವಳು ಜೋಡಿಜಡೆ, ಚಿಟಿಕೆಯ ಪ್ರಾಣಸ್ನೇಹಿತೆ. ಆಟದ ಮೈದಾನದಲ್ಲಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಚಿಟಿಕೆ ಮುಟ್ಟಾಟ ಬಿಟ್ಟು, ಬೂಟಿನ ದಾರ ಎಳೆದುಕೊಂಡೇ ಗೇಟಿನ ಕಡೆ ಓಡಿದಳು.

ಗೇಟಿನ ಸರಳುಗಳ ನಡುವಿನಿಂದ ಒಂದು ಕೈ ಒಳಗೆ ಬಂದಿತ್ತು. ಕೈಯಲ್ಲಿ ಫೋನು. ಫೋನಿನ ಹಿಂದೆ ಅಜ್ಜಿಯ ಮುಖ, ಅರ್ಧ ಸರಳಿನ ಈ ಕಡೆ, ಅರ್ಧ ಆ ಕಡೆ.

"ಬೇಗ ಒತ್ತೇ. ಇಸ್ತ್ರಿ ಪೆಟ್ಟಿಗೆ ಆರಿಸಿ ಬಂದಿದೀನಿ. ಇನ್ನೂ ಬಟ್ಟೆ ರಾಶಿ ಬಿದ್ದಿದೆ."

"ಏನಮ್ಮಾ, ಇವತ್ತು ಎರಡನೇ ಸಲ ಅಲ್ವಾ?" ವಾಚ್‌ಮನ್ ಸ್ಟೂಲಿನ ಮೇಲಿಂದಲೇ ಕೇಳಿದ. "ಒಂದು ಕೆಲಸ ಮಾಡೋಣ. ಆ ಹೆಬ್ಬೆಟ್ಟನ್ನೇ ಬಿಚ್ಚಿ ಕೊಟ್ಟು ಕಳಿಸ್ತೀನಿ. ಸಂಜೆ ವಾಪಸ್ ತಂದ್ಕೊಡಿ."

ಚಿಟಿಕೆ ಹೆಬ್ಬೆಟ್ಟನ್ನು ಅಂಗಿಗೆ ಒರೆಸಿಕೊಂಡು ಒತ್ತಿದಳು. ಫೋನು ತಟ್ಟನೆ ತೆರೆದುಕೊಂಡಿತು. ಅದರಲ್ಲಿದ್ದದ್ದು ಒಂದೇ ಮೆಸೇಜು, ಮೂರನೇ ಮಹಡಿಯ ಆಂಟಿಯದು: 'ಬೆಡ್‌ಶೀಟಿಗೆ ಅರ್ಜೆಂಟ್ ಇಲ್ಲ.'

"ಅರ್ಜೆಂಟ್ ಇಲ್ಲ ಅಂತ ಹೇಳೋಕೆ ಇಷ್ಟು ಅರ್ಜೆಂಟಾ!" ಅಜ್ಜಿ ಹಣೆ ಚಚ್ಚಿಕೊಂಡಳು. ಆಮೇಲೆ ಫೋನಿನ ಗಾಜನ್ನು ಬೆರಳಿನಿಂದ ಉಜ್ಜುತ್ತಾ ಉಜ್ಜುತ್ತಾ ಹೊರಟಳು. ಹಾಗೆ ಉಜ್ಜುತ್ತಿದ್ದರೆ ಫೋನಿಗೆ ನಿದ್ದೆ ಬರುವುದಿಲ್ಲ, ಬೀಗ ಬೀಳುವುದಿಲ್ಲ ಎಂಬುದು ಅವಳ ಲೆಕ್ಕ. ಆದರೆ ಮೂಲೆಯ ಬೇಕರಿ ದಾಟುವಷ್ಟರಲ್ಲಿ ಅದು ಪ್ರತಿಸಲವೂ ನಿದ್ದೆ ಹೋಗುತ್ತಿತ್ತು.

ಚಿಟಿಕೆ ಎಂದು ಹೆಸರಿಟ್ಟವಳು ಅಜ್ಜಿಯೇ. ಯಾವ ಕೆಲಸ ಹೇಳಿದರೂ ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಿ ಮುಗಿಸುತ್ತಾಳೆ ಎಂದು. ಅಜ್ಜಿಗೆ ಹೊಸ ಫೋನು ಬಂದ ದಿನವೂ ಹಾಗೇ ಆಯಿತು. ಅಜ್ಜಿಯದು ಮೆಟ್ಟಿಲ ಕೆಳಗಿನ ಪುಟ್ಟ ಇಸ್ತ್ರಿ ಅಂಗಡಿ. ಬೀದಿಯವರೆಲ್ಲ 'ಮೆಸೇಜ್ ಹಾಕ್ತೀವಿ, ದುಡ್ಡೂ ಫೋನಿಗೇ ಕಳಿಸ್ತೀವಿ' ಅನ್ನತೊಡಗಿದ ಮೇಲೆ ಅಮ್ಮ ಆ ಫೋನು ತಂದಿದ್ದಳು. ದುಡ್ಡಿನ ಆ್ಯಪು ಮಾತ್ರ ಬೀಗ ಇಲ್ಲದ ಫೋನಿನಲ್ಲಿ ಕಾಲಿಡುವುದಿಲ್ಲ ಎಂದು ಹಟ ಹಿಡಿಯಿತು.

ಚಿಟಿಕೆ ಅಜ್ಜಿಯ ಹೆಬ್ಬೆಟ್ಟನ್ನು ಒತ್ತಿಸಿದಳು. ಫೋನು ಬೇಡ ಅಂದಿತು. ತೋರುಬೆರಳು ಒತ್ತಿಸಿದಳು. ಅದೂ ಬೇಡ. ವರ್ಷಗಟ್ಟಲೆ ಬಿಸಿ ಬಟ್ಟೆ ಮಡಚಿದ ಬೆರಳುಗಳು. ಗೆರೆಯೆಲ್ಲ ಸವೆದು ಕಲ್ಲಿನ ಹಾಗೆ ನುಣುಪಾಗಿದ್ದವು.

"ಹೋಗ್ಲಿ ಬಿಡು, ನಂದೇ ಹಾಕ್ತೀನಿ!" ಎಂದು ಚಿಟಿಕೆ ತನ್ನ ಹೆಬ್ಬೆಟ್ಟನ್ನೇ ಒತ್ತಿದಳು. ಫೋನು ಸಂತೋಷದಿಂದ ಒಪ್ಪಿಕೊಂಡಿತು. ಜೊತೆಗೆ ನಾಲ್ಕು ಅಂಕಿಯ ಗುಟ್ಟಿನ ನಂಬರು ಕೇಳಿತು. ಅದನ್ನೂ ಅವಳೇ ಹಾಕಿದಳು.

"ನಂಬರ್ ಏನು ಹಾಕ್ದೆ?" ಅಜ್ಜಿ ಕೇಳಿದ್ದಳು.

"ನಿನಗ್ಯಾಕಜ್ಜಿ ಆ ತಲೆನೋವು? ನಾನಿದ್ದೀನಲ್ಲ!"

ಕಾಲ್ ಬಂದರೆ ಎತ್ತುವುದು ಅಜ್ಜಿಗೆ ಬರುತ್ತಿತ್ತು. ಆದರೆ ಬೀದಿಯಲ್ಲಿ ಈಗ ಯಾರಿಗೂ ಬಾಯಿ ಇದ್ದಂತೆ ಕಾಣಲಿಲ್ಲ. ಎಲ್ಲರೂ ಮೆಸೇಜೇ. ಟಿಂಗ್ ಅಂದ ಕೂಡಲೇ ಅಜ್ಜಿ ಅಂಗಡಿಯ ಅರ್ಧ ಬಾಗಿಲು ಎಳೆದು ಶಾಲೆಗೆ ಬರುತ್ತಿದ್ದಳು. ಮೊದಮೊದಲು ಚಿಟಿಕೆಗೆ ಇದು ಬಲು ಹೆಮ್ಮೆಯ ವಿಷಯವಾಗಿತ್ತು. ತಾನಿಲ್ಲದೆ ಅಂಗಡಿಯೇ ನಡೆಯುವುದಿಲ್ಲ ಎಂದು ಕ್ಲಾಸಿಗೆಲ್ಲ ಹೇಳಿಕೊಂಡು ಓಡಾಡಿದ್ದಳು. ಈಗ ಅದೇ ಕ್ಲಾಸು 'ಹೆಬ್ಬೆಟ್ಟು, ಹೆಬ್ಬೆಟ್ಟು' ಎಂದು ರಾಗ ಎಳೆಯುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಮುಟ್ಟಾಟ ಒಳ್ಳೆ ರಂಗಿಗೇರಿತ್ತು. ಔಟಾಗದೆ ಉಳಿದವರು ಚಿಟಿಕೆ ಮತ್ತು ಜೋಡಿಜಡೆ ಇಬ್ಬರೇ. ಆಗಲೇ ಗೇಟಿನ ಸರಳುಗಳ ನಡುವೆ ಆ ಕೈ ಕಾಣಿಸಿತು.

ಯಾರೂ ಇನ್ನೂ ನೋಡಿರಲಿಲ್ಲ. ಚಿಟಿಕೆ ನೋಡಿದಳು. ಈಗ ಎಲ್ಲರೂ ನಗುತ್ತಾರೆ ಎಂದು ಅವಳ ಕಿವಿ ಬಿಸಿಯಾಯಿತು. ಮೂರು ಹೆಜ್ಜೆ ಹಿಂದೆ ಸರಿದು ನೀರಿನ ಟ್ಯಾಂಕಿನ ಮರೆಗೆ ನಿಂತುಬಿಟ್ಟಳು.

ಟ್ಯಾಂಕಿನ ಪಕ್ಕದಿಂದ ಒಂದು ಕಣ್ಣು ಹಾಕಿ ನೋಡಿದರೆ ಕೈ ಅಲ್ಲೇ ಇತ್ತು. ವಾಚ್‌ಮನ್ ಅತ್ತಿತ್ತ ಕತ್ತು ತಿರುಗಿಸಿ ಹುಡುಕಿದ, ಕಾಣಲಿಲ್ಲ ಎಂದು ತಲೆಯಾಡಿಸಿದ. ಕೈ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಬೆಲ್ ಹೊಡೆಯಿತು. ಕೈ ಹೊರಗೆ ಹೋಯಿತು.

'ಬೆಡ್‌ಶೀಟಿಗೆ ಅರ್ಜೆಂಟ್ ಇಲ್ಲ ಅಂತಲೇ ಇರುತ್ತೆ' ಎಂದುಕೊಂಡು ಚಿಟಿಕೆ ಕ್ಲಾಸಿಗೆ ಹೋದಳು. ಆದರೂ ಆ ದಿನದ ಭಾಗಾಕಾರ ಒಂದೂ ತಲೆಗೆ ಹತ್ತಲಿಲ್ಲ.

ಸಂಜೆ ಅಂಗಡಿಗೆ ಬಂದರೆ ಬಾಗಿಲಲ್ಲಿ ವಯಲಿನ್ ಮೇಷ್ಟ್ರು ನಿಂತಿದ್ದರು. ಎದುರು ಮನೆಯವರು. ಯಾವಾಗಲೂ ಗುನುಗುತ್ತಾ ಇರುವವರು ಇವತ್ತು ಗುನುಗುತ್ತಿರಲಿಲ್ಲ. ತೋಳಿನ ಮೇಲೆ ಅವರ ಕರಿ ಕೋಟು ನೇತಾಡುತ್ತಿತ್ತು. ಅದರ ಬೆನ್ನ ಮೇಲೆ ಅಂಗೈಯ ಗೆರೆಗಳಷ್ಟು ಸುಕ್ಕು.

"ಪ್ರೋಗ್ರಾಂ ಬೇಗ ಇಟ್ಟುಬಿಟ್ರು ಅಂತ ಮಧ್ಯಾಹ್ನವೇ ಮೆಸೇಜ್ ಹಾಕಿದ್ದೆನಲ್ಲಮ್ಮಾ. ಬಂದು ನೋಡಿದ್ರೆ ಕೋಟು ಗಂಟಿನಲ್ಲೇ ಇತ್ತು, ನೀವು ಅಂಗಡಿಯಲ್ಲೇ ಇರ್ಲಿಲ್ಲ. ಹಾಗೇ ಎತ್ಕೊಂಡು ಓಡ್ದೆ. ಮೊದಲನೇ ಸಾಲಿನಲ್ಲಿ ಕೂತಿದ್ದೋರು ವಯಲಿನ್ ಕೇಳ್ತಿದ್ರೋ, ಕೋಟು ನೋಡ್ತಿದ್ರೋ ದೇವರಿಗೇ ಗೊತ್ತು."

"ತಪ್ಪಾಯ್ತು ಮೇಷ್ಟ್ರೇ. ಫೋನು ತೆಗೆಸೋಕೇ ಹೋಗಿದ್ದೆ."

"ನಿಮ್ಮ ಮೇಲೆ ಕೋಪ ಇಲ್ಲ. ಆದ್ರೆ ಇನ್ಮೇಲೆ ಕೋಟು ಮಾತ್ರ ಆ ದೊಡ್ಡ ಲಾಂಡ್ರಿಗೇ ಕೊಡ್ತೀನಿ. ಬೇಜಾರ್ ಮಾಡ್ಕೋಬೇಡಿ."

ಮೇಷ್ಟ್ರು ಹೋದರು. ಅಜ್ಜಿ ಬೇಜಾರು ಮಾಡಿಕೊಳ್ಳಬಾರದು ಎಂದು ತುಂಬಾ ಪ್ರಯತ್ನಪಟ್ಟು ಒಂದೇ ಷರಟನ್ನು ಮೂರು ಸಲ ಉಜ್ಜಿದಳು.

"ಮಧ್ಯಾಹ್ನ ಎಲ್ಲಿಗೆ ಹೋಗಿದ್ಯೇ? ಕಾಣಲೇ ಇಲ್ಲ."

"ಅದು... ಲೈನಲ್ಲಿ ನಿಂತಿದ್ದೆ ಅಜ್ಜಿ. ನೀರು ಕುಡಿಯೋಕೆ."

"ಹೂಂ," ಎಂದಳು ಅಜ್ಜಿ. ಅಷ್ಟೇ.

ಅಮ್ಮ ಬ್ರೆಡ್ಡಿನ ಫ್ಯಾಕ್ಟರಿಯಿಂದ ಬಂದು ಎಲ್ಲ ಕೇಳಿದಳು. ಕೂದಲಿನಿಂದ ಹಿಟ್ಟು ಕೊಡವುತ್ತಾ ಯೋಚಿಸಿದಳು. ಆಮೇಲೆ ಚಿಟಿಕೆ ಯಾವ ಮಾತಿಗೆ ಹೆದರುತ್ತಿದ್ದಳೋ ಅದನ್ನೇ ಆಡಿದಳು.

"ಒಂದು ಮಧ್ಯಾಹ್ನಕ್ಕೇ ಹೀಗಾದ್ರೆ, ಮುಂದಿನ ಶುಕ್ರವಾರ ನೀನು ಸ್ಕೂಲ್ ಟ್ರಿಪ್‌ಗೆ ಹೋದಾಗ ಏನು ಗತಿ? ಎರಡು ದಿನ! ಟ್ರಿಪ್ಪು ಮುಂದಿನ ವರ್ಷ ನೋಡೋಣ ಕಂದಾ."

ಸಮುದ್ರ ನೋಡುವ ಟ್ರಿಪ್ಪು ಅದು. ಬಸ್ಸಿನಲ್ಲಿ ಯಾರ ಪಕ್ಕ ಯಾರು ಎಂದು ಕ್ಲಾಸಿನಲ್ಲಿ ಎರಡು ಜಗಳ ಆಗಿ, ರಾಜಿಯೂ ಆಗಿತ್ತು.

"ಅಜ್ಜಿ ತಾನೇ ಫೋನು ತೆಗೆದ್ರೆ?"

"ತೆಗೆದ್ರೆ ಹೋಗು. ನನಗೇನು ಕಳಿಸಬಾರದು ಅಂತ ಆಸೆಯಾ?"

"ಚಿಟಿಕೇಲಿ ಕಲಿಸ್ತೀನಿ!" ಎಂದಳು ಚಿಟಿಕೆ.

ಚಿಟಿಕೇಲಿ ಆಗಲಿಲ್ಲ. ಗುಟ್ಟಿನ ನಂಬರು ಒಂದು, ಎರಡು, ಮೂರು, ನಾಲ್ಕು ಎಂದು ಅಜ್ಜಿಯ ಕಿವಿಯಲ್ಲಿ ಹೇಳಿದಳು. ಅಜ್ಜಿ ಒಂದನ್ನು ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಏನೂ ಆಗಲಿಲ್ಲ. ಸಿಟ್ಟಿನಿಂದ ಒತ್ತಿದಾಗ ಅದೇ ಅಂಕಿ ಎರಡು ಸಲ ಬಿತ್ತು.

"ಹಾಗಲ್ಲ ಅಜ್ಜೀ! ಕೊಡಿಲ್ಲಿ!" ಚಿಟಿಕೆ ಕಿತ್ತುಕೊಂಡು ಟಕಟಕ ಒತ್ತಿದಳು. "ನೋಡ್ದ್ಯಾ? ಹೀಗೆ."

"ಎಲ್ಲಿ ನೋಡ್ಲಿ? ನಿನ್ನ ಬೆರಳು ಕಾಣಿಸಿದ್ರೆ ತಾನೇ!"

"ಸರಿ, ಮತ್ತೆ ಮಾಡು. ಅಯ್ಯೋ, ಅಲ್ಲಲ್ಲ, ಕೊಡಿಲ್ಲಿ!"

ಐದಾರು 'ಕೊಡಿಲ್ಲಿ' ಆದ ಮೇಲೆ ಫೋನಿಗೇ ಬೇಸರ ಬಂದು, ಅರ್ಧ ನಿಮಿಷ ನನ್ನನ್ನು ಮುಟ್ಟಬೇಡಿ ಎಂದು ಮುಖ ತಿರುಗಿಸಿಕೊಂಡಿತು. ಅಜ್ಜಿಯೂ ಮುಖ ತಿರುಗಿಸಿಕೊಂಡಳು.

"ನನ್ನ ಮಂಡೆಗೆ ಇದು ಇಳಿಯಲ್ಲ ಬಿಡೇ. ನೀನು ಟ್ರಿಪ್‌ಗೆ ಹೋಗು. ನಾನು ಎರಡು ದಿನ ಅಂಗಡಿ ಮುಚ್ಚಿ ಮಲಗ್ತೀನಿ."

ಅಜ್ಜಿ ಅಂಗಡಿ ಮುಚ್ಚಿ ಮಲಗಿದ್ದನ್ನು ಚಿಟಿಕೆ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವಳಿಗೆ ಯಾಕೋ ಅಳು ಬಂದಂತಾಯಿತು. ಸಮುದ್ರಕ್ಕೋ, ಅಜ್ಜಿಗೋ ಗೊತ್ತಾಗಲಿಲ್ಲ.

ಬೀದಿಯ ಕೊನೆಯ ಲೈಬ್ರರಿಯಲ್ಲಿ ಸಂಜೆ ಹೊತ್ತು ಹಿರಿಯರಿಗೆ ಫೋನಿನ ಪಾಠ ನಡೆಯುತ್ತದೆ ಎಂದು ಹೇಳಿದವಳು ಜೋಡಿಜಡೆ. ಕಲಿಯುವವರ ಜೊತೆ ಮನೆಯ ಮಕ್ಕಳೂ ಹೋಗಬಹುದಂತೆ. ಪಾಠ ಮಾಡುವವರು ಲೈಬ್ರರಿ ಮೇಡಂ. ಮಕ್ಕಳು ಅವರಿಗೆ ಇಟ್ಟ ಹೆಸರು ಶ್ಶ್ ಮೇಡಂ. ಯಾಕೆ ಎಂದು ಹೇಳಬೇಕಾಗಿಲ್ಲ.

"ಬನ್ನಿ ಅಜ್ಜಿ, ಕೂತ್ಕೊಳ್ಳಿ," ಎಂದರು ಮೇಡಂ. ಚಿಟಿಕೆಯ ಕಡೆ ತಿರುಗಿ, "ನೀನು ಕಲಿಸೋಳಾ? ಹಾಗಾದ್ರೆ ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂತ್ಕೋ."

"ಯಾಕೆ ಮೇಡಂ?"

"ಇಲ್ಲಿ ಅದೇ ರೂಲು. ಫೋನು ಯಾರದೋ ಬೆರಳೂ ಅವರದೇ. ಕಲಿಸೋರಿಗೆ ಬಾಯಿ ಮಾತ್ರ. ಅದೂ ಮೆತ್ತಗೆ."

ಚಿಟಿಕೆ ಅಂಗೈಗಳ ಮೇಲೆ ಕೂತಳು. ಪಕ್ಕದ ಕುರ್ಚಿಯಲ್ಲಿ ರಿಟೈರ್ ಆದ ಬಸ್ ಡ್ರೈವರ್ ತಾತ ಇದ್ದರು. ಅವರು ಫೋನನ್ನು ಹಾರ್ನ್ ಒತ್ತಿದ ಹಾಗೆ ಬಿಡದೆ ಒತ್ತುತ್ತಿದ್ದರು. ಪರದೆಯ ಚಿತ್ರಗಳೆಲ್ಲ ಗಡಗಡ ನಡುಗತೊಡಗಿದವು.

"ಮೇಡಂ! ಅಲ್ಲಾಡ್ತಿದೆ! ಇದರ ಬ್ರೇಕ್ ಎಲ್ಲಿದೆ?"

"ಶ್ಶ್! ಬೆರಳು ಎತ್ತಿ ತಾತ, ಅದೇ ಬ್ರೇಕು."

ಅಜ್ಜಿ ಕನ್ನಡಕ ಏರಿಸಿಕೊಂಡು ಒಂದನ್ನು ಒತ್ತಿದಳು. ಏನೂ ಆಗಲಿಲ್ಲ. ಚಿಟಿಕೆಯ ಬೆರಳುಗಳು ತೊಡೆಯ ಕೆಳಗೆ ಮೀನಿನ ಹಾಗೆ ಒದ್ದಾಡಿದವು. 'ಕೊಡಿ...' ಎಂದು ಬಾಯಿಗೆ ಬಂದದ್ದನ್ನು ನುಂಗಿದಳು.

ಮೇಡಂ ಅಜ್ಜಿಯ ಬೆರಳಿನ ತುದಿಯನ್ನು ಮುಟ್ಟಿ ನೋಡಿದರು. "ಇಸ್ತ್ರಿ ಕೆಲಸ ಅಲ್ವಾ? ಬೆರಳು ತುಂಬಾ ಒಣಗಿದೆ. ಒಣ ಬೆರಳು ಫೋನಿಗೆ ಗೊತ್ತೇ ಆಗಲ್ಲ. ಬೇಕಾದ್ರೆ ಒಂಚೂರು ತೇವ ಮಾಡ್ಕೊಂಡು ಮುಟ್ಟಿ." ಒದ್ದೆ ಬಟ್ಟೆಯ ತುಂಡೊಂದನ್ನು ಮುಂದಿಟ್ಟರು.

ಅಜ್ಜಿಯ ಹುಬ್ಬು ಮೇಲೇರಿತು. "ಅಂದ್ರೆ ನೀರು ಚಿಮುಕಿಸ್ದೆ ಇಸ್ತ್ರಿ ಕೂರಲ್ವಲ್ಲ, ಹಾಗೆ?"

"ಹಾಗೇ ಅಂತ ಇಟ್ಕೊಳ್ಳಿ."

"ಮತ್ತೆ ಇಷ್ಟು ದಿನ ಯಾರೂ ಹೇಳ್ಲಿಲ್ಲ!" ಎಂದು ಅಜ್ಜಿ ಚಿಟಿಕೆಯನ್ನು ನೋಡಿದಳು. ಚಿಟಿಕೆ ಚಾವಣಿಯ ಫ್ಯಾನು ನೋಡಿದಳು. ಅದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಅಜ್ಜಿ ಬೆರಳು ತೇವ ಮಾಡಿಕೊಂಡು, ಗಾಜಿನ ಮೇಲೆ ಸುಮ್ಮನೆ ತಾಗಿಸಿದಳು. ರೇಷ್ಮೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಡುವಾಗ ಅವಳ ಕೈ ಹೀಗೇ ಹಗುರವಾಗುತ್ತಿತ್ತು. ಒಂದು ಬಿತ್ತು. ಎರಡು ಬಿತ್ತು. ನಡುವೆ ಅಜ್ಜಿ ನಿಂತಳು, ಯೋಚಿಸಿದಳು, ತುಟಿ ಒದ್ದೆ ಮಾಡಿಕೊಂಡಳು. ಚಿಟಿಕೆಯ ಕಾಲ್ಬೆರಳುಗಳೆಲ್ಲ ಬೂಟಿನೊಳಗೆ ಮುದುರಿಕೊಂಡವು. ಮೂರು. ನಾಲ್ಕು.

ಫೋನು ತೆರೆಯಿತು.

"ಹೋಯ್!" ಎಂದಳು ಅಜ್ಜಿ.

"ಶ್ಶ್!" ಎಂದರು ಮೇಡಂ. ಆದರೆ ಅವರೂ ನಗುತ್ತಿದ್ದರು. ಆಮೇಲೆ ಒಂದು, ಎರಡು, ಮೂರು, ನಾಲ್ಕು ಎಂಬುದು ಬೀಗವೇ ಅಲ್ಲ, ಬಾಗಿಲಿಗೆ ದಾರ ಕಟ್ಟಿದಂತೆ ಎಂದು ಹೇಳಿ, ಹೊಸ ನಂಬರು ಹಾಕುವ ಜಾಗ ತೋರಿಸಿದರು.

ಅಜ್ಜಿ ಫೋನನ್ನು ಎದೆಗೆ ಒತ್ತಿಕೊಂಡು ಚಿಟಿಕೆಯನ್ನು ನೋಡಿದಳು. "ತಿರುಗೇ ಆ ಕಡೆ."

"ನಾನಾ? ನನಗೂ ಹೇಳಲ್ವಾ?"

"ನಿನಗ್ಯಾಕೆ ಆ ತಲೆನೋವು?"

ಡ್ರೈವರ್ ತಾತ ಬಾಯ್ತುಂಬ ನಕ್ಕರು. ಚಿಟಿಕೆ ಗೋಡೆಯ ಕಡೆ ತಿರುಗಿ ಕೂತಳು. ಬೆನ್ನ ಹಿಂದೆ ಅಜ್ಜಿ ನಿಧಾನವಾಗಿ, ಒಂದೊಂದಾಗಿ, ತನ್ನದೇ ನಾಲ್ಕು ಅಂಕಿಗಳನ್ನು ಇಡುತ್ತಿದ್ದಳು.

ಆ ವಾರವೆಲ್ಲ ಅಂಗಡಿಯಲ್ಲಿ ಚಿಟಿಕೆ ಕೈಗಳ ಮೇಲೆ ಕೂತೇ ಇದ್ದಳು. ಅಜ್ಜಿ ಅಕ್ಷರ ದೊಡ್ಡದು ಮಾಡಲು ಕಲಿತಳು. ಬರೆಯುವುದು ಬೇಸರವಾದರೆ ಮೈಕಿನ ಗುರುತು ಒತ್ತಿ ಹಿಡಿದು ಮಾತನಾಡುವುದನ್ನೂ ಕಲಿತಳು. ತಪ್ಪಿ ಮೂರನೇ ಮಹಡಿಯ ಆಂಟಿಗೆ ಇಸ್ತ್ರಿ ಪೆಟ್ಟಿಗೆಯ ಫೋಟೋ ಹೋಯಿತು. ಆಂಟಿ ಹೆಬ್ಬೆಟ್ಟು ಎತ್ತಿದ ಗುರುತು ಕಳಿಸಿದರು. "ಇವರಿಗೂ ಹೆಬ್ಬೆಟ್ಟೇನಾ!" ಎಂದು ಅಜ್ಜಿ ಬಿದ್ದುಬಿದ್ದು ನಕ್ಕಳು. ಗುರುವಾರ ಅಮ್ಮ ಪರೀಕ್ಷೆ ಮಾಡಿದಳು. ಅಜ್ಜಿ ಪಾಸಾದಳು. ಚಿಟಿಕೆಯ ಬ್ಯಾಗು ತುಂಬಿತು.

ಸಮುದ್ರ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. ಅದರ ಬಗ್ಗೆ ಹೇಳಲು ಹೋದರೆ ಈ ಕತೆ ಮುಗಿಯುವುದಿಲ್ಲ.

ಸಂಜೆ ಉಳಿದುಕೊಂಡ ಕಡೆ ಕ್ಲಾಸ್ ಟೀಚರ್ ತಮ್ಮ ಫೋನು ಹಿಡಿದು ಬಂದರು. "ಮನೆಗೆ ಒಬ್ಬೊಬ್ಬರದು ಒಂದೇ ಮೆಸೇಜು. ಬಾಯಲ್ಲಿ ಹೇಳಿ, ಕಳಿಸ್ತೀನಿ. ಬ್ಯಾಟರಿ ಕಡಿಮೆ ಇದೆ, ಕತೆ ಹೇಳ್ಬೇಡಿ."

"ಮಮ್ಮೀ, ಸಮುದ್ರ ಉಪ್ಪು!" ಎಂದಳು ಜೋಡಿಜಡೆ.

ಚಿಟಿಕೆಯ ಸರದಿ ಬಂತು. 'ಅಜ್ಜಿ, ಫೋನು ತೆಗೆಯೋಕೆ ಬಂತಾ?' ಎಂದು ಕೇಳಬೇಕು ಎಂದಿದ್ದಳು. ಬರದಿದ್ದರೆ ಈ ಮೆಸೇಜೂ ಅಜ್ಜಿಗೆ ಕೇಳಿಸುವುದಿಲ್ಲ ಎಂಬುದು ಆಗ ಹೊಳೆಯಿತು. ಫೋನನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ, ಮೈಕು ಒತ್ತಿ ಹಿಡಿದು, ಮೆತ್ತಗೆ ಹೇಳಿದಳು:

"ಅಜ್ಜಿ, ಮೇಷ್ಟ್ರ ಕೋಟಿನ ದಿನ ನಾನು ನೀರಿನ ಲೈನಲ್ಲಿ ಇರ್ಲಿಲ್ಲ. ಟ್ಯಾಂಕಿನ ಹಿಂದೆ ಇದ್ದೆ. ನಿನ್ನ ಕೈ ಕಾಣಿಸ್ತಿತ್ತು. ನಾನು ಬರ್ಲಿಲ್ಲ."

ಬೆರಳು ಎತ್ತಿದಳು. ಹೋಯಿತು.

ಮೆಸೇಜಿನ ಪಕ್ಕ ಬೂದು ಬಣ್ಣದ ಎರಡು ಟಿಕ್ ಗೀಟು ಮೂಡಿದವು. ಅಜ್ಜಿಯ ಫೋನು ತಲುಪಿದೆ, ಅಜ್ಜಿಯನ್ನು ಇನ್ನೂ ಮುಟ್ಟಿಲ್ಲ. ಚಿಟಿಕೆಗೆ ಅಂಗಡಿ ಕಣ್ಣಿಗೆ ಕಟ್ಟಿತು: ಟಿಂಗ್ ಅಂದಿದೆ, ಅಜ್ಜಿ ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದ್ದಾಳೆ, ಬೆರಳು ತೇವ ಮಾಡಿಕೊಳ್ಳುತ್ತಿದ್ದಾಳೆ. ಅವಸರ ಮಾಡಬೇಡ ಅಜ್ಜಿ, ಎಂದುಕೊಂಡಳು. ನಿಧಾನ.

ತನಗೇ ತಿಳಿಯದಂತೆ ಅವಳ ಖಾಲಿ ಕೈ ಬೆನ್ನ ಹಿಂದೆ ಹೋಗಿತ್ತು.

ಗೀಟುಗಳು ನೀಲಿಯಾದವು.

"ಟೀಚರ್, ಕೇಳಿಸ್ಕೊಂಡ್ಳು!"

"ಯಾರು?"

"ನಮ್ಮಜ್ಜಿ. ಅವಳೇ ತೆಗೆದು ಕೇಳಿಸ್ಕೊಂಡ್ಳು."

ಉತ್ತರ ಬರುವ ಹೊತ್ತಿಗೆ ಅರ್ಧ ಕ್ಲಾಸಿನ ಮೆಸೇಜು ಮುಗಿದಿತ್ತು. ಒತ್ತಿದರೆ ಮೊದಲು ಅಂಗಡಿಯ ಸದ್ದು, ಒದ್ದೆ ಬಟ್ಟೆಯ ಮೇಲೆ ಬಿಸಿ ಪೆಟ್ಟಿಗೆಯ ಚುಂಯ್. ಆಮೇಲೆ ಅಜ್ಜಿ, ಸಮುದ್ರದವರೆಗೆ ಬಾಯಿಂದಲೇ ಕೇಳಿಸಬೇಕು ಎಂಬಂತೆ ಕೂಗಿ:

"ಕೇಳಿಸ್ತು ಕಣೇ! ಊಟ ಆಯ್ತಾ? ಗಾಳಿ ಇದ್ರೆ ಸ್ವೆಟರ್ ಹಾಕ್ಕೋ. ಮೇಷ್ಟ್ರು ಇನ್ನೂ ಬಂದಿಲ್ಲ, ಅವರ ಬಿಳಿ ಷರಟು ಬಂದಿದೆ. ಇನ್ನೇನು ಹೇಳೋದು... ಸಾಕು. ಈಗ ಬೆರಳು ಎತ್ತೀನಿ."

ಅಷ್ಟೇ. ಚಿಟಿಕೆ ಅದನ್ನು ಇನ್ನೊಂದು ಸಲ ಕೇಳಿ, ಫೋನನ್ನು ಟೀಚರಿಗೆ ಕೊಟ್ಟಳು. ಬ್ಯಾಗಿನಿಂದ ಸ್ವೆಟರ್ ತೆಗೆದು ಹಾಕಿಕೊಂಡಳು. ಅಷ್ಟೇನೂ ಗಾಳಿ ಇರಲಿಲ್ಲ.

ಟ್ಯಾಂಕಿನ ಹಿಂದೆ ನಿಂತಿದ್ದವಳನ್ನು ಅಜ್ಜಿ ಆ ದಿನವೇ ಗೇಟಿನಿಂದ ನೋಡಿದ್ದಳೋ, ಇಲ್ಲವೋ? ಚಿಟಿಕೆ ಕೇಳಲಿಲ್ಲ, ಅಜ್ಜಿ ಹೇಳಲಿಲ್ಲ. ಹಾಗಾಗಿ ಅದು ನಮಗೂ ಗೊತ್ತಿಲ್ಲ.